ಸೈಕಲ್ಲಿಗೆ ಇಂಜಿನ್: ಮೊದಲ ಬಾರಿ ಜೋಡಿಸುವವರು ಬಿಡಿಭಾಗಗಳನ್ನು ಆರಿಸುವ ಬಗೆ

(ಭಾಷಣದ ಪಠ್ಯ)



ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರ ತಾಲ್ಲೂಕುಗಳ ರೈತನಿಗೆ ಹೊಲದ ಓಡಾಟ ಹೆಚ್ಚಿತು. ಜೋಳ, ತೊಗರಿ ನಾಲ್ಕು ದಿನ ಕಾಯುತ್ತವೆ. ಭತ್ತದ ಗದ್ದೆ ಕಾಯುವುದಿಲ್ಲ. ರಾತ್ರಿಯೂ ಹೋಗಿ ನೀರು ತಿರುವಬೇಕಾಗುತ್ತದೆ. ಮನೆಯ ಮೋಟಾರ್ ಸೈಕಲ್ಲನ್ನು ಮಗ ಯಾದಗಿರಿ ಪೇಟೆಗೆ ಒಯ್ದರೆ ಅಪ್ಪನಿಗೆ ಉಳಿಯುವುದು ಹಳೆಯ ಸೈಕಲ್ಲು. ಅದಕ್ಕೊಂದು ಇಂಜಿನ್ ಕೂಡಿಸಿದರೆ ಹೇಗೆ ಎಂಬ ಆಲೋಚನೆ ಸಹಜ. ಹೊಸದೂ ಅಲ್ಲ, 1972ರಲ್ಲಿ ಬಂದ ಲೂನಾ ಬಂಡಿಗೂ ಪೆಡಲುಗಳಿದ್ದವು.

ಎಷ್ಟು ದೊಡ್ಡ ಇಂಜಿನ್ ಬೇಕು ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಸವಾರ, ಸೈಕಲ್, ಇಂಜಿನ್ ಮತ್ತು ಒಂದು ಚೀಲ ಸೇರಿ 120 ಕಿಲೋ ಎಂದಿಟ್ಟುಕೊಳ್ಳೋಣ. ನೂರು ಅಡಿಗೆ ಐದು ಅಡಿ ಏರುವ ದಾರಿಯಲ್ಲಿ ಗಂಟೆಗೆ 12 ಕಿ.ಮೀ.ನಂತೆ ಹತ್ತಲು ಸುಮಾರು 250 ವ್ಯಾಟ್ ಸಾಕು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. 25 ಸಿ.ಸಿ.ಯ ಫೋರ್ ಸ್ಟ್ರೋಕ್ ಇಂಜಿನ್ ಸುಮಾರು ಒಂದು ಅಶ್ವಶಕ್ತಿ ಕೊಡುತ್ತದೆ. ಅಂದ ಮೇಲೆ ‘80 ಸಿ.ಸಿ.’ ಎಂದು ಮಾರುವ ಕಿಟ್ಟಿಗೆ ಹಣ ಸುರಿಯುವ ಅಗತ್ಯವಿಲ್ಲ.

ಕಾಯಿದೆಯ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯಂತೆ, ನಾಲ್ಕಕ್ಕಿಂತ ಕಡಿಮೆ ಗಾಲಿಯುಳ್ಳ, 25 ಸಿ.ಸಿ. ಮೀರದ ಇಂಜಿನಿನ ಬಂಡಿ ಮೋಟಾರು ವಾಹನವೆನಿಸುವುದಿಲ್ಲ. ಅದನ್ನು ಮೀರಿದರೆ ನೋಂದಣಿ, ವಿಮೆ, ಚಾಲನಾ ಪತ್ರ ಎಲ್ಲವೂ ಬೇಕು. ಮನೆಯಲ್ಲಿ ಜೋಡಿಸಿದ ಬಂಡಿಗೆ ಇವನ್ನು ಪಡೆಯುವುದು ಸುಲಭವಲ್ಲ. ಗುಜರಿ ಅಂಗಡಿಯ ಹಳೆಯ ಮೊಪೆಡ್ ಇಂಜಿನ್ ಎಷ್ಟೇ ಅಗ್ಗವಾಗಿದ್ದರೂ 50 ಸಿ.ಸಿ.ಯದು. ವಿಮೆಯಿಲ್ಲದ ಬಂಡಿ ಯಾರಿಗಾದರೂ ಬಡಿದರೆ ಪರಿಹಾರದ ಹೊರೆ ರೈತನ ಹೊಲದ ಮೇಲೆಯೇ ಬೀಳಬಹುದು.

ಮನೆಯಲ್ಲಿರುವ ಪವರ್ ಸ್ಪ್ರೇಯರಿನ ಇಂಜಿನ್ ಬಳಸೋಣವೆಂದರೆ, ಗಾಳಿ ಊದುವ ಸ್ಪ್ರೇಯರುಗಳಲ್ಲಿ ಬೀಸಣಿಗೆ ಇಂಜಿನಿನ ದಂಡಕ್ಕೇ ನೇರ ಕೂಡಿರುತ್ತದೆ, ಕ್ಲಚ್ ಇರುವುದಿಲ್ಲ. ಸೈಕಲ್ ನಿಂತರೆ ಇಂಜಿನ್ನೂ ನಿಲ್ಲುತ್ತದೆ. ಅನೇಕವು 35 ಸಿ.ಸಿ.ಯವು ಬೇರೆ. ಹುಲ್ಲು ಕತ್ತರಿಸುವ ಬ್ರಷ್ ಕಟರಿನ ಇಂಜಿನ್ ಇದಕ್ಕಿಂತ ಮೇಲು. ವೇಗ ಹೆಚ್ಚಿದಾಗ ತಾನಾಗಿ ಹಿಡಿಯುವ, ತಗ್ಗಿದಾಗ ಬಿಡುವ ಕ್ಲಚ್ ಅದರಲ್ಲೇ ಇರುತ್ತದೆ.

ಆದರೆ ಮೊದಲ ಬಾರಿ ಜೋಡಿಸುವವರು ಎಡವುವುದು ಇಂಜಿನಿನಲ್ಲಿ ಅಲ್ಲ, ವೇಗ ಇಳಿಸುವ ಹಲ್ಲುಗಳಲ್ಲಿ. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತದೆ. ನಮ್ಮ 28 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಸಾಗುತ್ತದೆ; ಗಂಟೆಗೆ 20 ಕಿ.ಮೀ. ಹೋಗಲು ನಿಮಿಷಕ್ಕೆ 150 ಸುತ್ತು ಸಾಕು. ಅಂದರೆ ವೇಗ ನಲವತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. 11 ಹಲ್ಲಿನ ಚಕ್ರದಿಂದ 44 ಹಲ್ಲಿನದಕ್ಕೆ ಚೈನು ಹಾಕಿದರೆ ಇಳಿಯುವುದು ನಾಲ್ಕರಲ್ಲಿ ಒಂದು ಪಾಲಿಗೆ ಮಾತ್ರ. ಲೆಕ್ಕಕ್ಕೆ ಗಂಟೆಗೆ ಸುಮಾರು 200 ಕಿ.ಮೀ.! ಬಂಡಿಯೇನೋ ಹಾಗೆ ಓಡದು. ಇಂಜಿನ್ ಎಳೆಯಲಾರದೆ ಕ್ಲಚ್ ಜಾರಿ ಸುಟ್ಟುಹೋಗುತ್ತದೆ. ಆದ್ದರಿಂದ ನಡುವೆ ಹತ್ತರಲ್ಲಿ ಒಂದು ಪಾಲಿಗೆ ಇಳಿಸುವ ಗೇರ್ ಪೆಟ್ಟಿಗೆ ಇರಲೇಬೇಕು. ಕ್ಲಚ್ಚಿಗೆ ಸರಿಹೊಂದುವ ಪೆಟ್ಟಿಗೆ ಸಿಗುವುದೇ ಎಂದು ನೋಡಿಕೊಂಡು ಇಂಜಿನ್ ಕೊಳ್ಳುವುದು ಕ್ಷೇಮ.

ಟೈರಿಗೆ ಉರುಳೆಯೊತ್ತಿ ಓಡಿಸುವ ವಿಧಾನ ಅಗ್ಗದ್ದು, ಸುಲಭದ್ದು. ಬೇಸಿಗೆಯ ಡಾಂಬರು ರಸ್ತೆಗೆ ನಡೆದೀತು. ಮಳೆ ಬಿದ್ದ ಎರೆಭೂಮಿಯಲ್ಲಿ ಟೈರಿಗೆ ಅಂಟುವ ಮಣ್ಣನ್ನು ಬಲ್ಲ ರೈತನಿಗೆ ಉರುಳೆ ಜಾರುವುದೆಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿಗೆ ಚೈನೇ ಸರಿ. ದೊಡ್ಡ ಹಲ್ಲಿನ ಚಕ್ರವನ್ನು ಸ್ಪೋಕುಗಳಿಗೆ ಬಿಗಿಯಬಾರದು, ಸ್ಪೋಕು ಮುರಿಯುತ್ತವೆ. ಗಾಲಿಯ ಹಬ್ಬಿಗೇ ಕೂಡಿಸಿ, ನಡುವೆ ಫ್ರೀವೀಲ್ ಇಟ್ಟರೆ ಪೆಟ್ರೋಲು ಮುಗಿದ ದಿನ ತುಳಿದುಕೊಂಡು ಮನೆಗೆ ಬರಬಹುದು. ಗಾಳಿ ಶೋಧಕವಿಲ್ಲದೆ ಕಾಲುವೆ ದಂಡೆಯ ಧೂಳಿನಲ್ಲಿ ಓಡಿಸಿದರೆ ಪಿಸ್ಟನ್ ಬೇಗ ಸವೆಯುತ್ತದೆ.

ಬ್ರೇಕಿನ ಖರ್ಚನ್ನು ಮಾತ್ರ ಕೊನೆಗೆ ಇಡಬಾರದು. ವೇಗ ಎರಡು ಪಟ್ಟಾದರೆ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಉಕ್ಕಿನ ರಿಮ್ಮಿಗೆ ಒತ್ತುವ ಕಂಬಿ ಬ್ರೇಕು ನೀರು ಬಿದ್ದರೆ ಹಿಡಿಯುವುದೇ ಕಷ್ಟ. ಮುಂದಿನ ಗಾಲಿಗೆ ಡ್ರಮ್ ಬ್ರೇಕು ಹಾಕಿಸುವುದು ಮೇಲು. ಇಂಜಿನ್ ಕೂಡಿಸುವ ಮೊದಲೇ ಸೈಕಲ್ಲಿಗೆ 20 ಕಿಲೋ ಚೀಲ ಕಟ್ಟಿ, ರಿಮ್ಮಿಗೆ ನೀರು ಸುರಿದು, ಜನರಿಲ್ಲದ ಇಳಿಜಾರಿನಲ್ಲಿ ಮೆಲ್ಲಗೆ ಬಿಟ್ಟು ಬ್ರೇಕು ಪರೀಕ್ಷಿಸಬೇಕು. ಅಲ್ಲಿ ನಿಲ್ಲದ ಸೈಕಲ್ಲಿಗೆ ಇಂಜಿನ್ ತರುವುದು ಬೇಡ.