ಕಾಡುಮರದ ಬೀಜ: ದಪ್ಪದ್ದೂ ಬೇಕು, ಸಣ್ಣದ್ದೂ ಬೇಕು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಾಲ, ಬಡ್ಡಿ, ಲಾಭಾಂಶದ ವಿಷಯ ನನಗಿಂತ ಚೆನ್ನಾಗಿ ತಿಳಿದವರು ಈ ವೇದಿಕೆ ಮೇಲೆಯೇ ಇದ್ದಾರೆ. ಅದನ್ನು ಅವರಿಗೇ ಬಿಡ್ತೀನಿ. ಹಬ್ಬದ ನೆನಪಿಗಾಗಿ ಗೋಮಾಳದ ಅಂಚಿನಲ್ಲಿ, ಕೆರೆ ಆಸುಪಾಸಿನಲ್ಲಿ ಸಾವಿರ ಹೊಂಗೆ, ಬೇವಿನ ಗಿಡ ಬೆಳೆಸಬೇಕೆಂದು ಸಂಘ ನಿರ್ಣಯ ಮಾಡಿದೆ. ಬಹಳ ಸಂತೋಷ. ಆದರೆ ಆ ಗಿಡಗಳಿಗೆ ಬೀಜ ಎಲ್ಲಿಂದ ತರೋದು, ಎಂಥದ್ದು ತರೋದು? ಈ ಒಂದೇ ವಿಷಯ ಇವತ್ತು ಮಾತಾಡ್ತೀನಿ.

ಇದರಲ್ಲಿ ಮಾತಾಡೋದೇನಿದೆ, ಒಳ್ಳೆ ದಪ್ಪ ಬೀಜ ಆರಿಸಿ ಹಾಕಿದರಾಯ್ತು ಅಂತ ತಾವು ಹೇಳಬಹುದು. ಅದು ಅರ್ಧ ಸತ್ಯ. ಉಳಿದರ್ಧ ತಿಳಿಯಬೇಕಾದರೆ ನಮ್ಮ ಸೀಮೆಯ ಚಿನ್ನದಿಂದಲೇ ಶುರು ಮಾಡೋಣ.

ಕೆ.ಜಿ.ಎಫ್. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೂ ಬಂಗಾರಪೇಟೆಯ ಹೆಸರಿನಲ್ಲೇ ಬಂಗಾರ ಇದೆ. ಗ್ರಾಂ ತೂಕ ಬರುವುದಕ್ಕೆ ಮುಂಚೆ ಅಕ್ಕಸಾಲಿಗರು ಬಂಗಾರವನ್ನು ಬೀಜದಲ್ಲೇ ತೂಗುತ್ತಿದ್ದರು. ಬೇಲಿ ಮೇಲೆ ಹಬ್ಬುವ ಬಳ್ಳಿಯ ಗುಲಗಂಜಿ ಒಂದು, ಮಂಜಾಡಿ ಮರದ ಕೆಂಪು ಬೀಜ ಇನ್ನೊಂದು. ಎರಡು ಗುಲಗಂಜಿ ಸೇರಿದರೆ ಒಂದು ಮಂಜಾಡಿ ತೂಕ ಅನ್ನೋದು ಲೆಕ್ಕ. ನಾಲ್ಕು ಮಂಜಾಡಿ ಬೀಜ ಸೇರಿದರೆ ಹೆಚ್ಚುಕಮ್ಮಿ ಒಂದು ಗ್ರಾಂ. ಪಶ್ಚಿಮ ದೇಶಗಳಲ್ಲೂ ಹೀಗೆಯೇ. ಅಲ್ಲಿ ಕ್ಯಾರಬ್ ಎಂಬ ಮರದ ಬೀಜದಿಂದ ತೂಗುತ್ತಿದ್ದರು. ನಾವು ವಜ್ರಕ್ಕೆ, ಚಿನ್ನಕ್ಕೆ ಹೇಳುವ ಕ್ಯಾರೆಟ್ ಎಂಬ ಮಾತು ಬಂದಿದ್ದು ಅದರಿಂದಲೇ. ಆ ಬೀಜಗಳೆಲ್ಲ ಒಂದೇ ತೂಕ ಇರ್ತವೆ ಅಂತ ಬಹಳ ಕಾಲ ನಂಬಿದ್ದರು. 2006ರಲ್ಲಿ ಯೂರೋಪಿನ ವಿಜ್ಞಾನಿಗಳು ಅವನ್ನು ಒಂದೊಂದಾಗಿ ತೂಗಿ ನೋಡಿದರು. ಬೇರೆ ಮರಗಳ ಬೀಜ ಎಷ್ಟು ಹೆಚ್ಚುಕಮ್ಮಿ ಇರ್ತವೋ ಇವೂ ಅಷ್ಟೇ! ತೂಕ ಒಂದೇ ಆಗಿದ್ದದ್ದು ಮರದ ಗುಣದಿಂದಲ್ಲ, ಒಂದೇ ಸಮನಾದ ಬೀಜಗಳನ್ನು ಆರಿಸಿ ತಕ್ಕಡಿಗೆ ಹಾಕಿದ ಮನುಷ್ಯನ ಕಣ್ಣಿನಿಂದ.

ಮರ ಯಾವತ್ತೂ ಒಂದೇ ಅಚ್ಚಿನ ಬೀಜ ಕೊಡೋದಿಲ್ಲ. ಜಾತಿಯಿಂದ ಜಾತಿಗೆ ಇರುವ ವ್ಯತ್ಯಾಸ ತಮಗೇ ಗೊತ್ತು. ಒಂದು ಕಿಲೋ ಹುಣಸೆಬೀಜ ಎಣಿಸಿದರೆ ಎರಡು ಸಾವಿರದ ಆಸುಪಾಸು ಬರುತ್ತೆ, ಶ್ರೀಗಂಧ ಆರು ಸಾವಿರದ ಹತ್ತಿರ. ನೀಲಗಿರಿ, ಸರ್ವೆ ಲಕ್ಷಗಟ್ಟಲೆ. ಆದರೆ ಒಂದೇ ಜಾತಿಯಲ್ಲೂ ವ್ಯತ್ಯಾಸ ಕಡಿಮೆಯೇನಲ್ಲ. ಹೊಂಗೆಯನ್ನೇ ತಗೊಳ್ಳಿ, ಕೆಲವು ಮರದ ಬೀಜ ಕಿಲೋಗೆ 800 ತೂಗಿದರೆ ಇನ್ನು ಕೆಲವು ಮರದ್ದು 1,400 ತೂಗುತ್ತೆ. ಒಂದೇ ಮರದಲ್ಲಿ ಈ ಕೊಂಬೆಯದ್ದು ಬೇರೆ, ಆ ಕೊಂಬೆಯದ್ದು ಬೇರೆ. ಮಳೆ ಚೆನ್ನಾಗಿ ಆದ ವರ್ಷದ ಬೀಜ ಬೇರೆ, ಬರಗಾಲದ್ದು ಬೇರೆ. ಹುಣಸೆಯಲ್ಲಿ ಒಂದೇ ಕಾಯಿಯೊಳಗೆ ಕೂಡ ತುದಿಯ ಬೀಜ ಮತ್ತು ನಡುವಿನ ಬೀಜ ಒಂದೇ ಸಮ ಇರೋದಿಲ್ಲ.

ಯಾಕೆ ಹೀಗೆ? ಮರದ ಹತ್ತಿರ ಇರುವ ಬಂಡವಾಳ ಇಷ್ಟೇ. ಅದರಲ್ಲಿ ಕೆಲವೇ ದಪ್ಪ ಬೀಜ ಮಾಡಬಹುದು, ಇಲ್ಲ ಬಹಳ ಸಣ್ಣ ಬೀಜ ಮಾಡಬಹುದು. ದಪ್ಪ ಬೀಜದಲ್ಲಿ ಬುತ್ತಿ ಹೆಚ್ಚು, ಹಗುರ ಬೀಜ ದೂರ ಹೋಗುತ್ತೆ. ಈ ವಿಷಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲೇ ಒಂದು ಸೊಗಸಾದ ಸಂಶೋಧನೆ ಆಗಿದೆ. ಕಾದಂಬರಿಕಾರರಾಗಿ ನಮ್ಮಲ್ಲಿ ಅನೇಕರು ಓದಿರುವ ಡಾ. ಕೆ.ಎನ್. ಗಣೇಶಯ್ಯನವರು, ಡಾ. ಆರ್. ಉಮಾಶಂಕರ್ ಅವರ ಜತೆ ಸೇರಿ, ಬೀಟೆಯ ಬಳಗಕ್ಕೆ ಸೇರಿದ ಸಿಸ್ಸೂ ಮರದ ಕಾಯಿಗಳನ್ನು ಅಭ್ಯಾಸ ಮಾಡಿ 1988ರಲ್ಲಿ ಪ್ರಕಟಿಸಿದರು. ಆ ಕಾಯಿಯಲ್ಲಿ ಹಲವು ಬೀಜಗಳಿಗೆ ಜಾಗವಿದ್ದರೂ ಸಾಮಾನ್ಯವಾಗಿ ಒಂದೇ ಬಲಿಯುತ್ತದೆ. ಮೊದಲು ಕಟ್ಟಿದ ಬೀಜ ತನ್ನ ಒಡಹುಟ್ಟಿದವರನ್ನೇ ಬೆಳೆಯಗೊಡದೆ ಊಟವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಒಂಟಿ ಬೀಜದ ಕಾಯಿ ಹಗುರವಾಗಿ ಗಾಳಿಯಲ್ಲಿ ದೂರ ತೇಲುತ್ತದೆ. ಅಣ್ಣತಮ್ಮಂದಿರ ಪಾಲುಪಟ್ಟಿ ಜಗಳ ಮನುಷ್ಯರಲ್ಲಿ ಮಾತ್ರ ಅಲ್ಲ, ಕಾಯಿಯೊಳಗೂ ಇದೆ ನೋಡಿ!

ಈಗ ನಮ್ಮ ಒಟ್ಲಿಗೆ ಬರೋಣ. ದಪ್ಪ ಬೀಜದ ಸಸಿ ಬೇಗ ಏಳುತ್ತೆ, ಮೊದಲ ತಿಂಗಳುಗಳಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತೆ. ಇದು ನಿಜ. ಆದರೆ ಆ ಬುತ್ತಿ ಮೊದಲ ದಿನಗಳ ದಾರಿಖರ್ಚು ಮಾತ್ರ. ಎಲೆ ಬಿಟ್ಟು, ಬೇರು ಇಳಿದ ಮೇಲೆ ಮಣ್ಣು, ನೀರು, ಬಿಸಿಲು ಮತ್ತು ಮರದ ವಂಶಗುಣ ಇವೇ ಲೆಕ್ಕಕ್ಕೆ ಬರೋದು. ಚೆನ್ನಾಗಿ ನೀರು ಸಿಕ್ಕುವ ಒಂದು ಹೊಂಗೆ ಮರ, ಆ ಕಾರಣಕ್ಕೇ ದಪ್ಪ ಬೀಜ ಬಿಟ್ಟಿರಬಹುದು. ಬೋರೆ ಮೇಲೆ ಬರಗಾಲಗಳನ್ನೆಲ್ಲ ತಡೆದು ನಿಂತ ಮರದ ಬೀಜ ಸಣ್ಣದಿರಬಹುದು. ನಮ್ಮ ಗೋಮಾಳಕ್ಕೆ ಬೇಕಾದ ಗುಣ ಈ ಎರಡನೆಯದರಲ್ಲಿ ಇದ್ದರೂ ಇರಬಹುದು. ದಪ್ಪ ನೋಡಿ ಆರಿಸಿದರೆ ಅದನ್ನು ನಾವೇ ಕೈಯಾರೆ ಬಿಸಾಕಿದ ಹಾಗಾಯ್ತು.

ಇನ್ನೊಂದು ಅಪಾಯ ಇದೆ. ಊರ ಮುಂದಿನ ಒಂದೇ ದೊಡ್ಡ ಮರದಿಂದ ಮೂಟೆ ತುಂಬಿಕೊಂಡರೆ ಸಾವಿರ ಗಿಡವೂ ಒಂದೇ ತಾಯಿ ಮಕ್ಕಳು. ಒಂದಕ್ಕೆ ತಗುಲಿದ ರೋಗ ಎಲ್ಲಕ್ಕೂ ತಗುಲಬಹುದು. ನಾಳೆ ಇವೇ ಮರಗಳು ಒಂದಕ್ಕೊಂದು ಪರಾಗ ಕೊಟ್ಟು ಬಿಡುವ ಬೀಜವೂ ಬಲಹೀನ. ನಮ್ಮ ಕೋಲಾರ ಜಿಲ್ಲೆ ನೀಲಗಿರಿಯಲ್ಲಿ ಇದರ ರುಚಿ ನೋಡಿದೆ. ಮೈಸೂರ್ ಗಮ್ ಎಂದು ಹೆಸರಾದ ನೀಲಗಿರಿಯ ಮೂಲ ನಂದಿಬೆಟ್ಟದಲ್ಲಿ ನೆಟ್ಟಿದ್ದ ಮರಗಳು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರಾಗಿ ಹೊಲಗಳು ಕೂಡ ನೀಲಗಿರಿ ತೋಪುಗಳಾದವು. ಎಲ್ಲಿ ನೋಡಿದರೂ ಒಂದೇ ಮರ. ಕೊನೆಗೆ ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡಬಾರದೆಂದು ಆದೇಶ ಮಾಡಬೇಕಾಯ್ತು. ನೀಲಗಿರಿ ತೆಗೆದ ಜಾಗಕ್ಕೆ ಈಗ ಏನು ಬರುತ್ತೋ ಅದನ್ನು ನಮ್ಮ ಮೊಮ್ಮಕ್ಕಳು ನೋಡ್ತಾರೆ. ಆದ್ದರಿಂದ ಬೀಜದ ಆಯ್ಕೆ ಸಣ್ಣ ವಿಷಯ ಅಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಸಲಹೆ ಇಷ್ಟು:

ಒಂದು: ಕನಿಷ್ಠ ಇಪ್ಪತ್ತೈದು ಮರ ಗುರುತಿಸಿ. ಅವು ಒಂದರಿಂದ ಒಂದು ದೂರ ಇರಲಿ. ಕೆರೆ ಕೆಳಗಿನದ್ದೂ ಬರಲಿ, ಬೋರೆ ಮೇಲಿನದ್ದೂ ಬರಲಿ. ರೋಗ ಹಿಡಿದ ಮರ ಬೇಡ.

ಎರಡು: ಪ್ರತಿ ಮರದಿಂದಲೂ ಎಣಿಸಿ ಒಂದೇ ಸಂಖ್ಯೆಯ ಬೀಜ ತಗೊಳ್ಳಿ. ತೂಕದಲ್ಲಿ ತಗೊಂಡರೆ ಸಣ್ಣ ಬೀಜದ ಮರದ ಪಾಲು ಹೆಚ್ಚಾಗುತ್ತೆ.

ಮೂರು: ಜೊಳ್ಳು, ಹುಳ ಕೊರೆದದ್ದು, ಮುರುಟಿದ್ದು ಇವನ್ನು ಮಾತ್ರ ತೆಗೆಯಿರಿ. ಗಟ್ಟಿಯಾದ ಸಣ್ಣ ಬೀಜ ಜೊಳ್ಳಲ್ಲ.

ನಾಲ್ಕು: ಜರಡಿ ಹಿಡಿದು ದಪ್ಪದ್ದು, ಸಣ್ಣದ್ದು ಬೇರೆ ಮಾಡಿ ಬೇರೆ ಬೇರೆ ಪಾತಿಗೆ ಹಾಕಿ. ಒಂದೇ ಪಾತಿಗೆ ಹಾಕಿದರೆ ಮೊದಲು ಎದ್ದದ್ದು ಹಿಂದಿನದ್ದನ್ನು ನೆರಳಲ್ಲಿ ಸಾಯಿಸುತ್ತೆ. ಸಣ್ಣದ್ದಕ್ಕೆ ಇನ್ನೊಂದು ತಿಂಗಳು ಒಟ್ಲಲ್ಲಿ ಇರಲು ಬಿಡಿ.

ಐದು: ಬೇವಿನ ಬೀಜವನ್ನು ಹಣ್ಣಾದ ಎರಡು ವಾರದೊಳಗೆ ಹಾಕಬೇಕು. ತಡವಾದರೆ ಮೊಳೆಯುವ ಶಕ್ತಿ ಬೇಗ ಕಳೆದುಹೋಗುತ್ತೆ.

ಖರ್ಚಿನ ಲೆಕ್ಕವನ್ನೂ ಕಾರ್ಯದರ್ಶಿಗಳು ಬರೆದುಕೊಳ್ಳಲಿ. ನೂರಕ್ಕೆ ಎಪ್ಪತ್ತು ಮೊಳೆಯುತ್ತೆ ಅಂತಿಟ್ಟುಕೊಂಡರೆ ಸಾವಿರ ಸಸಿಗೆ ಸುಮಾರು 1,430 ಬೀಜ ಬೇಕು. ಕಿಲೋಗೆ 1,400 ತೂಗುವ ಹೊಂಗೆಯಾದರೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ಸಾಕು, 800 ತೂಗುವುದಾದರೆ ಒಂದು ಮುಕ್ಕಾಲು ಕಿಲೋ ಮೇಲೆ ಬೇಕು. ಎಣ್ಣೆ ಗಾಣದವನಿಗೆ ತೂಕ ಮುಖ್ಯ, ಸಸಿ ಮಾಡುವವನಿಗೆ ಎಣಿಕೆ ಮುಖ್ಯ. ಬೀಜ ಕೊಳ್ಳುವಾಗ ಕಿಲೋಗೆ ಎಷ್ಟು ಬೀಜ ಅಂತ ಕೇಳಿ ಆಮೇಲೆ ದರ ಮಾತಾಡಿ.

ಸಹಕಾರ ತತ್ವ ನಮಗೆಲ್ಲ ಗೊತ್ತಿರೋದೇ. ಹತ್ತು ಷೇರು ಇದ್ದವನಿಗೂ ಒಂದೇ ಓಟು, ಒಂದು ಷೇರು ಇದ್ದವಳಿಗೂ ಒಂದೇ ಓಟು. ಇಪ್ಪತ್ತೈದು ವರ್ಷ ಸಂಘ ನಿಂತಿರೋದು ಅದರ ಮೇಲೆಯೇ. ನಮ್ಮ ಊರ ತೋಪೂ ಹಾಗೆಯೇ ನಿಲ್ಲಲಿ. ಪ್ರತಿ ಮರಕ್ಕೂ ಒಂದೇ ಪಾಲು ಸಿಕ್ಕಲಿ. ಬೇಸಿಗೆಯಲ್ಲಿ ಹೊಂಗೆ ಕಾಯಿ ಬಲಿತಾಗ ಪ್ರತಿ ಕೇರಿಯಿಂದ ಇಬ್ಬರು ಬೀಜ ಆರಿಸೋಕೆ ಬನ್ನಿ ಅಂತ ಕೇಳಿಕೊಂಡು ನನ್ನ ಮಾತು ಮುಗಿಸ್ತೀನಿ.