ಅಮ್ಮನ ಏಲಕ್ಕಿ ಡಬ್ಬಿ

ನಾನಿರೋದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಅಕ್ಟೋಬರ್ ಬಂತಂದ್ರೆ ಇಲ್ಲಿ ಮಳೆಯದ್ದೇ ಕಾರುಬಾರು. ಅಕ್ಟೋಬರ್ 4 ಇಲ್ಲಿನವರಿಗೆ ದಾಲ್ಚಿನ್ನಿ ಬನ್ನಿನ ದಿನ, 1999ರಿಂದ ಆಚರಿಸ್ತಾರೆ. ಹೆಸರು ದಾಲ್ಚಿನ್ನಿಯದ್ದು, ಆದರೆ ಹಿಟ್ಟಿಗೆ ಏಲಕ್ಕಿಯೂ ಬೀಳಲೇಬೇಕು.

ಕಳೆದ ಶನಿವಾರ ಮಗಳು ಬನ್ ಮಾಡೋಣ ಅಂದಳು. ಮನೆಯಲ್ಲಿ ಏಲಕ್ಕಿ ಅಂತ ಇದ್ದದ್ದು ಒಂದೇ ಡಬ್ಬಿ. ಸಕಲೇಶಪುರದಿಂದ ಹೊರಡುವಾಗ ಅಮ್ಮ ತುಂಬಿಕೊಟ್ಟದ್ದು. ಅಮ್ಮ ಹೋಗಿ ಎರಡು ವರ್ಷವಾಯ್ತು. ಅದನ್ನ ಮುಟ್ಟೋಕೆ ನನಗೆ ಮನಸ್ಸೇ ಬಂದಿರಲಿಲ್ಲ. "ಅಜ್ಜಿ ಕೊಟ್ಟಿದ್ದು ತಿನ್ನೋಕಲ್ವಾ ಅಮ್ಮಾ?" ಅಂದಳು.

ಮುಚ್ಚಳ ತೆಗೆದೆ. ಹಸಿರು ಮಾಸಿತ್ತು, ಘಮ ಅರ್ಧ ಹೋಗಿತ್ತು. ಇನ್ನೂ ಜೋಪಾನ ಮಾಡಿದ್ದರೆ ಬರೀ ಸಿಪ್ಪೆ ಉಳೀತಿತ್ತು.

ಅರ್ಧ ಕೆ.ಜಿ. ಮೈದಾಕ್ಕೆ ಎರಡು ಚಮಚ ಏಲಕ್ಕಿಪುಡಿ ಸಾಕು. ನಾವು ಮೂರು ಚಮಚ ಕುಟ್ಟಿ ಹಾಕಿದ್ವಿ. ಉಗುರುಬೆಚ್ಚಗಿನ ಹಾಲು, ಈಸ್ಟ್, ಸಕ್ಕರೆ, ಬೆಣ್ಣೆ ಸೇರಿಸಿ ನಾದಿದ್ವಿ. ಉಬ್ಬಿದ ಮೇಲೆ ಲಟ್ಟಿಸಿ, ಬೆಣ್ಣೆ, ಸಕ್ಕರೆ, ಚಕ್ಕೆಪುಡಿ ಸವರಿ, ಸುರುಳಿ ಸುತ್ತಿ ಕತ್ತರಿಸಿದ್ವಿ. ಇನ್ನೊಮ್ಮೆ ಉಬ್ಬಲು ಬಿಟ್ಟು, ಓವನ್‌ನಲ್ಲಿ 225 ಡಿಗ್ರಿಗೆ ಹತ್ತು ನಿಮಿಷ.

ಹೊರಗೆ ಮಳೆ. ಒಳಗೆ, ಅಮ್ಮ ಹಬ್ಬದ ದಿನ ಪಾಯಸಕ್ಕೆ ಏಲಕ್ಕಿ ಕುಟ್ಟುವಾಗ ಬರ್ತಿದ್ದ ಅದೇ ವಾಸನೆ. ಅಜ್ಜಿಯನ್ನ ಬರೀ ಫೋನಿನಲ್ಲಿ ನೋಡಿ ಬೆಳೆದ ಮಗಳು ಮೂರು ಬನ್ ತಿಂದಳು.

ಡಬ್ಬಿಯಲ್ಲಿ ಇನ್ನೊಂದು ಹಿಡಿ ಇದೆ. ದೀಪಾವಳಿಗೆ ಅದನ್ನೂ ಮುಗಿಸ್ತೀವಿ. ನಿಮ್ಮನೇಲೂ ಹಾಗೆ ಎತ್ತಿಟ್ಟ ಡಬ್ಬಿ ಇದ್ದರೆ, ಈ ವಾರವೇ ತೆಗೀರಿ. ಮತ್ತೆ ಸಿಗೋಣ.