ಆನೆ ಎಲ್ಲಿದೆ ಎಂದು ತಿಳಿಯುವ ಹಕ್ಕು



ಪ್ರತಿ ವರ್ಷ ಅಕ್ಟೋಬರ್ 2ರಿಂದ 8ರವರೆಗೆ ದೇಶದಲ್ಲೆಲ್ಲ ವನ್ಯಜೀವಿ ಸಪ್ತಾಹ ನಡೆಯುತ್ತದೆ. ದೂರದ ಊರುಗಳಲ್ಲಿ ಆ ವಾರ ಹುಲಿ, ಚಿರತೆಗಳ ಚೆಂದದ ಚಿತ್ರಗಳನ್ನು ತೂಗುಹಾಕುತ್ತಾರೆ. ಸಕಲೇಶಪುರದಲ್ಲಿ ನೀವು ಬೇರೆ ಥರದ ಪ್ರದರ್ಶನ ಮಾಡಿದ್ದೀರಿ. ದೀಪ ಹಚ್ಚುವ ಮೊದಲೇ ಒಳಗೆ ಒಂದು ಸುತ್ತು ಹಾಕಿ ಬಂದೆ. ಆನೆಯ ಕೊರಳಿಗೆ ಕಟ್ಟುವ ರೇಡಿಯೊ ಕಾಲರ್ ಇದೆ, ಹಳೆಯ ರೈಲು ಕಂಬಿಯ ತಡೆಬೇಲಿಯ ಮಾದರಿ ಇದೆ, ಯಾವ ಊರಿನಲ್ಲಿ ಯಾವ ದಾರಿಯಲ್ಲಿ ಆನೆ ದಾಟುತ್ತದೆ ಎಂದು ಮಕ್ಕಳೇ ಬರೆದ ನಕ್ಷೆಗಳಿವೆ. ಆ ನಕ್ಷೆಗಳ ಮುಂದೆ ತುಂಬ ಹೊತ್ತು ನಿಂತೆ. ಶಾಲೆಗೆ ಹೋಗುವ ದಾರಿಯನ್ನೂ ಆನೆ ದಾಟುವ ದಾರಿಯನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕಾದ ಮಕ್ಕಳು ಇವರು. ನಾನು ಇವತ್ತು ಮಾತಾಡಬೇಕಾದದ್ದು ಅವರ ಪರವಾಗಿ, ಅವರ ತಾಯಂದಿರ ಪರವಾಗಿ.

ನಾನು ಹೇಳಬೇಕೆಂದಿರುವುದು ಇಷ್ಟು. ಈ ಬೆಟ್ಟಗಳಲ್ಲಿ ಬೆಳಗ್ಗೆ ಮನೆಯಿಂದ ಹೊರಗೆ ಕಾಲಿಡುವವರಿಗೆ ಆನೆ ಎಲ್ಲಿದೆ ಎಂದು ತಿಳಿಸುವುದು ಕುಡಿಯುವ ನೀರು ಕೊಟ್ಟಂತೆ, ಕರೆಂಟು ಕೊಟ್ಟಂತೆ ಒಂದು ಸಾರ್ವಜನಿಕ ಸೇವೆ. ಯಾರೋ ಒಳ್ಳೆಯವರು ಮಾಡಿದ ಉಪಕಾರವಾಗಿ ಅದು ಉಳಿಯಬಾರದು.

ಆನೆ ಇಲ್ಲಿಗೆ ಸುಮ್ಮನೆ ಬರಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಶೆಟ್ಟಿಹಳ್ಳಿಯ ಚರ್ಚು ನೀರಿನ ನಡುವೆ ನಿಂತ ಚಿತ್ರವನ್ನು ಪ್ರವಾಸಿಗರೆಲ್ಲ ನೋಡಿದ್ದಾರೆ. ಆದರೆ ಅದೇ ಹಿನ್ನೀರು ಎಷ್ಟೋ ಊರುಗಳನ್ನು ಎಬ್ಬಿಸಿತು, ತಗ್ಗಿನ ಗದ್ದೆಗಳನ್ನು ನುಂಗಿತು. ಜನ ಬಿಟ್ಟುಹೋದ ಜಾಗದಲ್ಲಿ ಕುರುಚಲು ಕಾಡು ಎದ್ದಿತು. ವರ್ಷವಿಡೀ ನೀರು, ಹಗಲು ಮರೆಯಾಗಿ ನಿಲ್ಲಲು ಪೊದೆ, ರಾತ್ರಿ ಮೇಯಲು ಪಕ್ಕದಲ್ಲೇ ಭತ್ತ. ಕೊಡಗಿನ ಕಡೆಯಿಂದ ಕಟ್ಟೆಪುರದ ಮೂಲಕ ಆಲೂರಿಗೆ ಬಂದ ಆನೆಗಳಿಗೆ ಇದಕ್ಕಿಂತ ಬೇರೇನು ಬೇಕು? ಅತ್ತ ಪುಷ್ಪಗಿರಿ, ಬಿಸಿಲೆಯ ಕಾಡು. ಇತ್ತ ಹಲಸು, ಬೈನೆ, ಬಾಳೆ ತುಂಬಿದ ಕಾಫಿ ತೋಟ. ಇಲ್ಲಿ ಹುಟ್ಟಿ ಇಲ್ಲೇ ಬೆಳೆದ ಮರಿಗಳಿಗೆ ತೋಟವೇ ಕಾಡು. ಆಮೇಲೆ ಬಯಲುಸೀಮೆಗೆ ನೀರು ಒಯ್ಯುವ ಎತ್ತಿನಹೊಳೆ ಯೋಜನೆ ಬಂತು. 2014ರಲ್ಲಿ ಶುರುವಾದ ಆ ಕಾಮಗಾರಿಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿಹಬ್ಬದ ದಿನ, ಇದೇ ತಾಲ್ಲೂಕಿನಲ್ಲಿ ಚಾಲನೆ ಸಿಕ್ಕಿತು. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಆ ಹತ್ತು ವರ್ಷ ಅಗೆದು ಸೀಳಿದ್ದು ಆನೆ ಓಡಾಡುವ ಬೆಟ್ಟದ ಮೈಯನ್ನೇ ಎಂಬುದನ್ನೂ ಯಾರಾದರೂ ಹೇಳಬೇಕು.

ಹಿಡಿದು ಬೇರೆ ಕಡೆ ಸಾಗಿಸಿ ಎನ್ನುವ ಕೂಗು ಹೊಸದಲ್ಲ. ಅದನ್ನು ಮಾಡಿಯೂ ನೋಡಿದ್ದೇವೆ. ಹೈಕೋರ್ಟಿನ ಆದೇಶದಂತೆ ಪ್ರೊಫೆಸರ್ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ ಎಂಬ ತಜ್ಞರ ಸಮಿತಿ 2012ರಲ್ಲಿ ವರದಿ ಕೊಟ್ಟಿತು. ರಾಜ್ಯದ ಆನೆ ನಾಡನ್ನು ಅದು ಮೂರು ಬಗೆಯಾಗಿ ನೋಡಿತು: ಆನೆಯನ್ನು ಉಳಿಸಬೇಕಾದ ಕಡೆ, ಆನೆಯೂ ಮನುಷ್ಯನೂ ಹೊಂದಿಕೊಂಡು ಬಾಳಬೇಕಾದ ಕಡೆ, ಆನೆಯನ್ನು ಹೊರಗೆ ಸಾಗಿಸಬೇಕಾದ ಕಡೆ. ಆಲೂರು–ಸಕಲೇಶಪುರ ಸೇರಿದ್ದು ಮೂರನೆಯದಕ್ಕೆ. ಅದರಂತೆ 2014ರ ಹೊತ್ತಿಗೆ ಆಲೂರಿನ ಕಡೆಯಿಂದ 22 ಆನೆಗಳನ್ನು ಹಿಡಿದರು. ಜನ ನಿಟ್ಟುಸಿರು ಬಿಟ್ಟರು. ಆ ನೆಮ್ಮದಿ ಉಳಿದದ್ದು ಕೆಲವೇ ಕಾಲ. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು, ಹಿಂಡುಗಳಲ್ಲಿ ಮರಿಗಳಾದವು. ಇಂದು ಈ ತಾಲ್ಲೂಕುಗಳಲ್ಲಿ ಓಡಾಡುತ್ತಿರುವ ಆನೆಗಳು ಐವತ್ತಕ್ಕೂ ಹೆಚ್ಚು. ಹೆಸರಿಟ್ಟು ಗುರುತಿಸುವಷ್ಟು ಅವು ನಮಗೆ ಪರಿಚಿತ: ಭೀಮ, ಕ್ಯಾಪ್ಟನ್, ಭುವನೇಶ್ವರಿ, ಬೀಟಮ್ಮ. 2023ರ ಗಣತಿಯ ಪ್ರಕಾರ ರಾಜ್ಯದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಅತಿ ಹೆಚ್ಚು. ಇಷ್ಟು ಆನೆಗಳಿರುವ ನಾಡಿನಲ್ಲಿ ಒಂದು ಜಾಗವನ್ನು ಖಾಲಿ ಮಾಡಿ ಕಾಯುತ್ತ ಕೂರಲು ಸಾಧ್ಯವಿಲ್ಲ.

ಜನರ ಮೇಲೆ ಎರಗುವುದನ್ನೇ ರೂಢಿ ಮಾಡಿಕೊಂಡ ಒಂಟಿ ಸಲಗವನ್ನು ಹಿಡಿಯಲೇಬೇಕು. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಆನೆಗೆ ಅರಿವಳಿಕೆ ಹಾರಿಸುವ, ಅದನ್ನು ಹಿಡಿಯುವ ಕೆಲಸದ ಬೆಲೆ ಏನೆಂದು ಈ ಮಣ್ಣಿಗೆ ಗೊತ್ತು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರಿನಲ್ಲಿ, ಗಾಯಗೊಂಡ ಭೀಮನಿಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹಾರಿಸಲು ಹೋದ, ‘ಆನೆ ವೆಂಕಟೇಶ್’ ಎಂದೇ ಜನ ಕರೆಯುತ್ತಿದ್ದ ವೆಂಕಟೇಶ್ ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಆನೆಯ ಗಾಯ ವಾಸಿ ಮಾಡಲು ಹೋದ ಮನುಷ್ಯ ಅವರು. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆಗೆಂದು ಕರೆತಂದಿದ್ದ ಸಾಕಾನೆ ಅರ್ಜುನ ಕಾಡು ಸಲಗದ ಜೊತೆ ಕಾದಾಡಿ ಸತ್ತ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತವನು ಅವನು. ದಸರೆ ಬಂದಾಗಲೆಲ್ಲ ಮೈಸೂರಿನಲ್ಲಿ ಅವನ ನೆನಪಾಗುತ್ತದೆ. ಅವನ ಸಮಾಧಿ ಇರುವುದು ನಮ್ಮ ಬೆಟ್ಟದಲ್ಲಿ.

ಇನ್ನು ನಮ್ಮ ಜನ ಸಾಯುವುದು ಹೇಗೆ? ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ನಡೆದುಹೋಗುವಾಗ. ಸಂಜೆ ಕತ್ತಲಾದ ಮೇಲೆ ಬಸ್ಸಿಳಿದು ತೋಟದ ರಸ್ತೆಯಲ್ಲಿ ಒಬ್ಬರೇ ಬರುವಾಗ. ಗದ್ದೆ ಕಾಯಲು ಹೋದಾಗ. ಶೌಚಕ್ಕೆಂದು ಕಾರ್ಮಿಕರ ಲೈನ್ ಮನೆಯಿಂದ ಆಚೆ ಬಂದಾಗ. ಕಾಫಿ ಗಿಡ ಆಳೆತ್ತರ ಇದ್ದಲ್ಲಿ ಹತ್ತು ಮಾರು ಆಚೆ ನಿಂತ ಆನೆಯೂ ಕಾಣುವುದಿಲ್ಲ, ಅದು ಸದ್ದೂ ಮಾಡುವುದಿಲ್ಲ. ಇಂಥ ಸಾವುಗಳ ಹಿಂದೆ ಇರುವುದು ಒಂದೇ ಕೊರತೆ. ಆನೆ ಅಲ್ಲಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೇಳುವುದು ಸಾಧ್ಯ. ತಮಿಳುನಾಡಿನ ವಾಲ್ಪಾರೈನ ಟೀ ತೋಟಗಳಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಹತ್ತು ವರ್ಷಕ್ಕೂ ಹಿಂದೆಯೇ ಅದನ್ನು ಮಾಡಿ ತೋರಿಸಿದರು. ಆನೆಯ ಬೆನ್ನು ಹತ್ತಿದವರು ಅದು ಇರುವ ಜಾಗ ತಿಳಿಸುತ್ತಾರೆ, ಸುತ್ತಲಿನವರ ಫೋನಿಗೆ ಸಂದೇಶ ಹೋಗುತ್ತದೆ, ಕಂಬದ ಮೇಲಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆನೆಗಳು ಅಲ್ಲಿಂದ ಹೋಗಲಿಲ್ಲ, ಸಾವುಗಳು ಇಳಿದವು. ಅದೇ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಹಾಸನದಲ್ಲೂ ಎಸ್‌ಎಂಎಸ್, ಧ್ವನಿ ಕರೆ, ರಸ್ತೆ ಬದಿಯ ಎಲ್‌ಇಡಿ ಫಲಕಗಳನ್ನು ತಂದಿತು. 2022ರ ಕೊನೆಯಲ್ಲಿ ಸರ್ಕಾರ ಹಾಸನ, ಕೊಡಗು, ಚಿಕ್ಕಮಗಳೂರು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಿತು. ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಈ ಹುಡುಗರು ಆ ಪಡೆಯವರೇ. ಆನೆಯ ಜಾಗ ತಿಳಿಸುವ ರೇಡಿಯೊ ಕಾಲರ್ ಹಾಕುವುದು ಸಾಮಾನ್ಯವಾಗಿ ಹಿಂಡಿನ ಹೆಣ್ಣಾನೆಗೆ. ಅದು ಎಲ್ಲಿದೆಯೋ ಹಿಂಡೂ ಅಲ್ಲಿರುತ್ತದೆ. ಒಂಟಿ ಸಲಗದ ವಿಷಯ ಹಾಗಲ್ಲ. ಅದರ ಸುದ್ದಿ ಬರುವುದು ಹೆಜ್ಜೆ, ಲದ್ದಿ, ಮುರಿದ ಕೊಂಬೆ ನೋಡುತ್ತ ನಡೆಯುವ ಮನುಷ್ಯನ ಕಣ್ಣಿನಿಂದಲೇ. ಯಂತ್ರ ಎಷ್ಟು ಬಂದರೂ ಈ ಹುಡುಗರಿಲ್ಲದೆ ಕೆಲಸ ಸಾಗದು. ಇವರಲ್ಲಿ ಬಹಳ ಜನ ದಿನಗೂಲಿ, ಹೊರಗುತ್ತಿಗೆಯವರು. ಇವರಿಗೆ ಖಾಯಂ ಕೆಲಸ, ವಿಮೆ, ಒಳ್ಳೆಯ ಟಾರ್ಚು, ಮಳೆಗೆ ತಡೆಯುವ ಬೂಟು ಕೊಡಲು ಯಾಕೆ ಇಷ್ಟು ತಡ?

ಸುದ್ದಿ ಹೊರಟರೆ ಸಾಲದು, ಮುಟ್ಟಬೇಕು. ಜುಲೈ ತಿಂಗಳಲ್ಲಿ ಇಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತು. ಗಾಳಿ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಒಳ ಊರುಗಳಿಗೆ ಅದು ದಿನಗಟ್ಟಲೆ ಬರುವುದಿಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ಫೋನು ಸತ್ತಹಾಗೆ. ಆನೆಯ ಸಂದೇಶ ಹೋಗುವುದೂ ಅದೇ ಟವರಿನಿಂದ. 2024ರ ಜುಲೈನಲ್ಲಿ ದೋಣಿಗಾಲಿನ ಬಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಕಡಗರವಳ್ಳಿ–ಎಡಕುಮೇರಿ ನಡುವೆ ರೈಲು ಹಳಿಯ ಬುಡ ಜರಿದಾಗ ನಾವು ರಸ್ತೆ, ರೈಲಿನ ಬಗ್ಗೆ ಮಾತಾಡಿದೆವು. ಕತ್ತಲಲ್ಲಿ ಕೂತ ಊರುಗಳ ಬಗ್ಗೆ ಮಾತಾಡಿದ್ದು ಕಡಿಮೆ. ಆನೆ ಓಡಾಡುವ ಊರುಗಳ ಟವರುಗಳಿಗೆ ಜನರೇಟರ್, ಸೋಲಾರ್ ಕಡ್ಡಾಯವಾಗಬೇಕು.

ಇನ್ನೊಂದು ಮಾತು. ನಮ್ಮ ತೋಟಗಳಲ್ಲಿ ಇಂದು ಕೆಲಸ ಮಾಡುವವರಲ್ಲಿ ಅಸ್ಸಾಮಿನಿಂದ, ಉತ್ತರದ ಬೇರೆ ರಾಜ್ಯಗಳಿಂದ ಬಂದವರು ಎಷ್ಟೋ ಮಂದಿ. ಕನ್ನಡದ ಸಂದೇಶ ಅವರಿಗೆ ಅರ್ಥವಾಗುವುದಿಲ್ಲ. ಈ ನೆಲದ ಆನೆ ದಾರಿಯೂ ಅವರಿಗೆ ಗೊತ್ತಿಲ್ಲ. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವರು ಅವರೇ. ಹಿಂದಿಯಲ್ಲಿ, ಅಸ್ಸಾಮಿಯಲ್ಲಿ ಧ್ವನಿ ಕರೆ ಕಳಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ನಮ್ಮ ಅಕ್ಕಂದಿರಲ್ಲೂ ಅನೇಕರ ಕೈಯಲ್ಲಿ ಫೋನಿಲ್ಲ. ಇದ್ದರೂ ಅದು ಮನೆಯ ಗಂಡಸಿನ ಜೇಬಿನಲ್ಲಿರುತ್ತದೆ. ಹಾಗಾಗಿ ತೋಟದ ರೈಟರು, ಮೇಸ್ತ್ರಿಗಳ ಮೇಲೆ ಹೊಣೆ ಇದೆ. ಬೆಳಗ್ಗೆ ಕೆಲಸಕ್ಕೆ ಕರೆಯುವ ಮೊದಲು ಆನೆಯ ಸುದ್ದಿ ಕೇಳಿಕೊಳ್ಳಿ. ಆನೆ ತೋಟದಲ್ಲಿದ್ದರೆ ಆ ಹೊತ್ತು ಕೆಲಸ ನಿಲ್ಲಿಸಿ, ಆ ದಿನದ ಕೂಲಿ ಕಡಿಯಬೇಡಿ. ಕೂಲಿ ಹೋಗುತ್ತದೆಂಬ ಹೆದರಿಕೆಯಿಂದ ಯಾವ ತಾಯಿಯೂ ಆನೆ ಇರುವ ತೋಟಕ್ಕೆ ಇಳಿಯುವಂತಾಗಬಾರದು. ಲೈನ್ ಮನೆಗಳ ಪಕ್ಕದಲ್ಲೇ ಶೌಚಾಲಯ, ದಾರಿಗೆ ದೀಪ, ಶಾಲೆಯ ಹೊತ್ತಿಗೂ ಕೆಲಸ ಬಿಡುವ ಹೊತ್ತಿಗೂ ಒಂದೊಂದು ಬಸ್ಸು. ಇವನ್ನು ವನ್ಯಜೀವಿ ಯೋಜನೆ ಎಂದು ಯಾರೂ ಕರೆಯುವುದಿಲ್ಲ. ಜೀವ ಉಳಿಸುವುದು ಇವೇ.

ಬೆಳೆಗಾರರ ಸಿಟ್ಟು ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಬೆಳೆಸಿದ ಕಾಫಿ ಗಿಡ, ಮೆಣಸಿನ ಬಳ್ಳಿ ಒಂದೇ ರಾತ್ರಿಗೆ ನೆಲಕ್ಕೊರಗಿದರೆ ಅದರ ಬೆಲೆಯನ್ನು ಪರಿಹಾರದ ದರಪಟ್ಟಿ ತುಂಬಿಕೊಡುವುದಿಲ್ಲ. ಆನೆಯ ಕಾಟಕ್ಕೆ ಭತ್ತ ಬೆಳೆಯುವುದನ್ನೇ ಬಿಟ್ಟು ಗದ್ದೆ ಪಾಳು ಬಿಟ್ಟವರು ಇಲ್ಲೇ ಕುಳಿತಿದ್ದೀರಿ. ಪ್ರಾಣ ಹೋದರೆ ಕೊಡುವ ಪರಿಹಾರವನ್ನು 2022ರಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಸತ್ತ ಮೇಲಿನ ಹಣಕ್ಕೆ ಇಷ್ಟು ಲೆಕ್ಕ ಹಾಕುವ ನಾವು ಸಾಯದಂತೆ ನೋಡಿಕೊಳ್ಳಲು ಎಷ್ಟು ಇಟ್ಟಿದ್ದೇವೆ ಎಂದು ಕೇಳುವ ಹಕ್ಕು ನಿಮಗಿದೆ. ಬೇಲಿ ಹಾಕಿಬಿಡಿ ಎನ್ನುವವರಿಗೂ ಒಂದು ಮಾತು: ರೈಲು ಕಂಬಿಯ ಬೇಲಿಗೆ ಒಂದು ಕಿಲೋಮೀಟರಿಗೆ ಕೋಟಿಗೂ ಹೆಚ್ಚು ಬೇಕು. ದೊಡ್ಡ ಕಾಡಿನ ಅಂಚಿಗೆ ಅದು ಸರಿ. ತೋಟ, ಗದ್ದೆ, ಊರು, ಕಾಡು ಒಂದರೊಳಗೊಂದು ಹೆಣೆದುಕೊಂಡಿರುವ ಆಲೂರಿನಲ್ಲಿ ಬೇಲಿಯ ಯಾವ ಕಡೆ ಆನೆ, ಯಾವ ಕಡೆ ಮನುಷ್ಯ?

ಗಾಯಗೊಂಡವರ ಕಥೆಯನ್ನೂ ಮರೆಯಬೇಡಿ. ಒಳ ಊರಿನಿಂದ ಇಲ್ಲಿಯ ಕ್ರಾಫರ್ಡ್ ಆಸ್ಪತ್ರೆಗೆ, ಅಲ್ಲಿಂದ ಇನ್ನೂ ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೆ. ಮೂಳೆ ಮುರಿದು ರಕ್ತ ಸುರಿಯುತ್ತಿರುವವರಿಗೆ ಆ ದಾರಿ ಬಹಳ ಉದ್ದ. ತಾಲ್ಲೂಕಿನಲ್ಲೇ ರಕ್ತ ಮತ್ತು ಶಸ್ತ್ರಚಿಕಿತ್ಸೆಯ ಏರ್ಪಾಡು ಹಗಲು ರಾತ್ರಿ ಇರಬೇಕು.

ಯುವಕರಿಗೆ ಒಂದು ಕೋರಿಕೆ. ಆನೆ ಕಂಡಾಗ ಮೊಬೈಲು ಹಿಡಿದು ಹಿಂದೆ ಓಡಬೇಡಿ, ಕೂಗಬೇಡಿ, ಕಲ್ಲು ಹೊಡೆಯಬೇಡಿ. ನೀವು ಕೆಣಕಿ ಕಳಿಸಿದ ಆನೆ ಮುಂದಿನ ತಿರುವಿನಲ್ಲಿ ಸಿಗುವುದು ಏನೂ ಅರಿಯದೆ ಎದುರಿಗೆ ಬರುವವರಿಗೆ.

ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಬಾಗಿಲ ಬಲಗಡೆ ಅರಣ್ಯ ಇಲಾಖೆಯವರು ಒಂದು ಮೇಜು ಹಾಕಿದ್ದಾರೆ. ಆನೆಯ ಸಂದೇಶ ಬೇಕಾದವರ ಹೆಸರು, ಊರು, ಫೋನ್ ನಂಬರು ಅಲ್ಲಿ ಬರೆದುಕೊಳ್ಳುತ್ತಾರೆ. ಚಿತ್ರಗಳನ್ನು ಆಮೇಲೆ ನೋಡಬಹುದು, ಮೊದಲು ಅಲ್ಲಿಗೆ ಹೋಗಿ. ನಿಮ್ಮ ನಂಬರು ಬರೆಸಿ. ನಿಮ್ಮ ಲೈನಿನಲ್ಲಿ ಫೋನಿಲ್ಲದ ಮನೆಗಳಿದ್ದರೆ ಆ ಮನೆಗಳಿಗೆ ಸುದ್ದಿ ಮುಟ್ಟಿಸುವವರು ಯಾರು ಎಂದು ಇವತ್ತೇ ಗೊತ್ತುಮಾಡಿ, ಅವರ ಹೆಸರನ್ನೂ ಬರೆಸಿ. ತೋಟದ ಮಾಲೀಕರೇ, ನಿಮ್ಮಲ್ಲಿ ಕೆಲಸ ಮಾಡುವ ಒಬ್ಬೊಬ್ಬರ ನಂಬರೂ ಆ ಪುಸ್ತಕದಲ್ಲಿ ಇರಬೇಕು. ಇದು ನಿಮ್ಮಲ್ಲಿ ನನ್ನ ಬೇಡಿಕೆ.